ಡಾರ್ಕಸ್ ಅಜ್ಜಿಯ ಮೆಟ್ಟಿಲಿನ ಅಧ್ಯಯನ

ಕಲ್ಲುಮೂಗು ಸರೋವರದ ದಡದ ನಮ್ಮ ಹಳ್ಳಿಯ ಡಾರ್ಕಸ್ ಅಜ್ಜಿಯ ಮನೆಯ ಮೂರು ಮೆಟ್ಟಿಲುಗಳನ್ನು ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ ಹದಿನೇಳರಂದು ಬೆಳಗ್ಗೆ ಹತ್ತೂಕಾಲಿಗೆ ಸಂಶೋಧನಾ ಕ್ಷೇತ್ರವೆಂದು ಘೋಷಿಸಲಾಯಿತು. ಹತ್ತು ಗಂಟೆಯವರೆಗೆ ಅವು ಬರೀ ಮೆಟ್ಟಿಲುಗಳಾಗಿದ್ದವು.

ನಡುವೆ ನಡೆದದ್ದನ್ನು ಊರಿನ ಕಛೇರಿಯ ಗುಮಾಸ್ತನಾದ ನಾನು ಕಣ್ಣಾರೆ ಕಂಡಿದ್ದೇನೆ. ದಕ್ಷಿಣದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಕಾರ್ಯ ಬೋಧಿಸುವ ಪ್ರೊಫೆಸರ್ ಟ್ವೀಡಿಯವರು 'ಉತ್ತರದ ಹಳ್ಳಿಗಳಲ್ಲಿ ವೃದ್ಧರ ಓಡಾಟಕ್ಕಿರುವ ಅಡ್ಡಿಗಳು' ಎಂಬ ಪ್ರಶ್ನಾವಳಿಗಳ ಪೆಟ್ಟಿಗೆ ಹೊತ್ತು ಮೆಟ್ಟಿಲೇರಿದರು. ಭಾರಕ್ಕೆ ಮೂರೂ ಮುರಿದುಬಿದ್ದವು. ಪ್ರಶ್ನಾವಳಿಗಳ ಮೇಲೆಯೇ ಬಿದ್ದದ್ದರಿಂದ ಪ್ರೊಫೆಸರರಿಗೆ ಏನೂ ಆಗಲಿಲ್ಲ. ಆ ಕಾಗದಗಳಿಂದ ನಮ್ಮೂರಲ್ಲಿ ಒಬ್ಬರಿಗೆ ಉಪಯೋಗವಾದದ್ದು ಅದೇ ಮೊದಲು.

ಅಜ್ಜಿಯ ಸೋದರಳಿಯ ಸೈಲಸ್ ಸುತ್ತಿಗೆ ಹಿಡಿದು ಓಡಿಬಂದ.

"ಮುಟ್ಬೇಡಿ!" ಎಂದರು ಪ್ರೊಫೆಸರ್, ಬಿದ್ದಲ್ಲಿಂದಲೇ. "ಇದೇ ಅಡ್ಡಿ! ಇಪ್ಪತ್ತು ವರ್ಷದಿಂದ ಹುಡುಕ್ತಾ ಇದ್ದೆ."

ಮಧ್ಯಾಹ್ನದೊಳಗೆ ಹಳದಿ ಪಟ್ಟಿ ಕಟ್ಟಿ ಪ್ರಕಟಣೆ ಅಂಟಿಸಲಾಯಿತು: "ಅಧ್ಯಯನ ಮುಗಿಯುವವರೆಗೆ ಅಡ್ಡಿಯನ್ನು ನಿವಾರಿಸತಕ್ಕದ್ದಲ್ಲ. ಅವಧಿ: ಮೂರು ವರ್ಷ." ಯಾಕೆಂದು ಕೇಳುವಂತೆಯೂ ಇರಲಿಲ್ಲ. ನಮ್ಮ ಹಿರಿಯರ ಮಂಡಳಿ ಮೇ ತಿಂಗಳಲ್ಲೇ ನಲವತ್ತು ಪುಟದ ಒಪ್ಪಂದಕ್ಕೆ ಸಹಿ ಹಾಕಿತ್ತು. ಅದನ್ನು ಓದಿದವನು ನಾನೊಬ್ಬನೇ, ಅದೂ ಮೊದಲ ಪುಟವನ್ನು.

ಅಜ್ಜಿಯ ಮನೆ ನೆಲದಿಂದ ನಾಲ್ಕಡಿ ಎತ್ತರ, ಬಾಗಿಲು ಒಂದೇ, ಮೊಣಕಾಲುಗಳಿಗೆ ಎಪ್ಪತ್ತೊಂಬತ್ತು ವರ್ಷ. ಅಕ್ಟೋಬರಿನಲ್ಲಿ ಬಲೆಗಳಿಗೆ ಬಿಳಿಮೀನು ಬೀಳುತ್ತದೆ. ಅದನ್ನು ಹಿತ್ತಿಲ ಹೊಗೆಗುಡಿಸಲಲ್ಲಿ ಅಜ್ಜಿ ಹೊಗೆಗಿಟ್ಟರೆ ಆರು ಮನೆಗಳಿಗೆ ಚಳಿಗಾಲದ ಊಟ. ಒಮ್ಮೆ ಆ ಕೆಲಸವನ್ನು ಸೈಲಸ್ ಮಾಡಿದ್ದ. ಆ ಮೀನು ತಿಂದ ನಾಯಿಗಳು ಇಂದಿಗೂ ಅವನನ್ನು ಕಂಡರೆ ದೂರ ಹೋಗುತ್ತವೆ.

ಪ್ರೊಫೆಸರ್ ದಿನವೂ ಅಂಗಳದಲ್ಲಿ ನಿಂತು, ಬಾಗಿಲಲ್ಲಿ ಕುಳಿತ ಅಜ್ಜಿಯನ್ನು ಸಂದರ್ಶಿಸಿದರು.

"ಮೆಟ್ಟಿಲಿಲ್ಲದೆ ನಿಮಗೆ ಏನನ್ಸುತ್ತೆ?"

"ಮೆಟ್ಟಿಲು ಬೇಕು ಅನ್ಸುತ್ತೆ."

"ಅಂದ್ರೆ, ಮೇಲಕ್ಕೇರೋ ಹಂಬಲ?"

"ಇಳಿಯೋ ಹಂಬಲ ಕಣಪ್ಪ. ಏರಿ ಆಗಿದೆ."

ಬಲೆ ಎಳೆಯಲು ಹನ್ನೆರಡು ದಿನ ಉಳಿದಾಗ ಅಜ್ಜಿ ಕೆಂಪು ಬಟ್ಟೆಯಲ್ಲಿ ಚಿಟಿಕೆ ಹೊಗೆಸೊಪ್ಪು ಕಟ್ಟಿ ಕೆಳಕ್ಕೆ ಚಾಚಿದಳು. "ನನ್ನ ಮೆಟ್ಟಿಲು ಕಟ್ಟಿಕೊಡಪ್ಪ" ಎಂದಳು. ಪ್ರೊಫೆಸರ್ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣೊರೆಸಿಕೊಂಡು, ಪಟ ತೆಗೆಸಿಕೊಂಡು, ಅದನ್ನು ಅಂದಿನ ವಿಮಾನದಲ್ಲೇ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು.

ಈ ಉತ್ತರದ ಮೂಲನಿವಾಸಿಗಳಾದ ನಮ್ಮ ಕ್ರೀ ಜನರಲ್ಲಿ ಹೊಗೆಸೊಪ್ಪು ತೆಗೆದುಕೊಂಡವನು ಕೆಲಸವನ್ನೂ ತೆಗೆದುಕೊಂಡ ಹಾಗೆ. ಇದನ್ನು ಪ್ರೊಫೆಸರರೇ ತಮ್ಮ ಪಠ್ಯಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ನಾನು ನೆನಪಿಸಿದಾಗ ಅವರ ಮುಖ ಬಿಳುಪೇರಿತು. ಮೆಟ್ಟಿಲು ಕಟ್ಟಿಕೊಡಬಹುದೇ ಎಂದು ಕೂಡಲೇ ವಿಶ್ವವಿದ್ಯಾಲಯದ ನೀತಿ ಸಮಿತಿಗೆ ಬರೆದರು. ಉತ್ತರ ಬಂತು: "ಸಂಶೋಧಕರು ಅಧ್ಯಯನಕ್ಕೊಳಗಾದವರಿಗೆ ಉಪಕಾರ ಮಾಡಿದರೆ ಅದು ಆಮಿಷವಾಗುತ್ತದೆ. ಅಧ್ಯಯನಕ್ಕೊಳಗಾದವರು ಸಂಶೋಧಕರಿಗೆ ಉಪಕಾರ ಮಾಡಲು ಅಡ್ಡಿಯಿಲ್ಲ. ಇದುವರೆಗೆ ನಡೆದಿರುವುದೂ ಅದೇ."

ಅಜ್ಜಿ ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು. "ಹಾಗಾದ್ರೆ ಸಂಶೋಧಕಿ ನಾನಾಗ್ತೀನಿ. ಬರ್ಕೋ."

ಬರೆದುಕೊಂಡೆ. ಶೀರ್ಷಿಕೆ: 'ಪ್ರೊಫೆಸರ್ ಕೈಯಲ್ಲಿ ಮೊಳೆ ಹೊಡೆಯಲು ಆಗುತ್ತದೆಯೇ?' ಶೀರ್ಷಿಕೆ ಅರ್ಥವಾದ ಸಂತೋಷಕ್ಕೆ ಸಮಿತಿ ನಾಲ್ಕೇ ದಿನದಲ್ಲಿ ಮಂಜೂರು ಮಾಡಿತು. ಮೆಟ್ಟಿಲು ಸರಿಹೋದಲ್ಲಿ ಅದನ್ನು ಅನಿರೀಕ್ಷಿತ ಅಡ್ಡಪರಿಣಾಮವೆಂದು ನಮೂದಿಸಲು ಸೂಚಿಸಿತು.

ಬಲೆ ಎಳೆಯುವ ಹಿಂದಿನ ದಿನ ಅಜ್ಜಿ ಬಾಗಿಲಲ್ಲಿ ಕುಳಿತು ಒಪ್ಪಿಗೆ ಪತ್ರದ ಷರತ್ತುಗಳನ್ನು ಬಾಯಲ್ಲೇ ಹೇಳಿದಳು. "ಹೆಬ್ಬೆರಳಿಗೆ ಪೆಟ್ಟು ಬೀಳಬಹುದು. ಯಾವಾಗ ಬೇಕಾದ್ರೂ ಬಿಟ್ಟುಹೋಗೋ ಹಕ್ಕಿದೆ ನಿಂಗೆ. ಸಹಿ ಹಾಕು."

ಎರಡನೆಯ ಮೆಟ್ಟಿಲಿನಲ್ಲಿ ಪೆಟ್ಟು ಬಿತ್ತು. "ನಾನು ಬಿಟ್ಟೆ! ನಂಗೆ ಹಕ್ಕಿದೆ!" ಎಂದು ಪ್ರೊಫೆಸರ್ ಕುಣಿದಾಡಿದರು.

"ಧಾರಾಳವಾಗಿ ಹೋಗಪ್ಪ" ಎಂದಳು ಅಜ್ಜಿ. "ಹೊಗೆಸೊಪ್ಪು ವಾಪಸ್ ಕೊಟ್ಟು ಹೋಗು."

ಹೊಗೆಸೊಪ್ಪು ಆಗಲೇ ಸಾವಿರ ಮೈಲಿ ದೂರದ ಗಾಜಿನ ಪೆಟ್ಟಿಗೆಯಲ್ಲಿ, ಕ್ರಮಸಂಖ್ಯೆ ಅಂಟಿಸಿಕೊಂಡು ಕುಳಿತಿತ್ತು. ಪ್ರೊಫೆಸರ್ ಮತ್ತೆ ಸುತ್ತಿಗೆ ಎತ್ತಿಕೊಂಡರು.

ಮರುದಿನ ಅಜ್ಜಿ ಮೂರೂ ಮೆಟ್ಟಿಲಿಳಿದು ಹಿತ್ತಿಲಿಗೆ ನಡೆದಾಗ, ನಾಚಿಕೆ ಯಾಕೆ, ನನಗೆ ಅಳು ಬಂತು. ಮೂರು ದಿನ ಹೊಗೆ ಎದ್ದಿತು. ವಾಸನೆ ಹಿಡಿದು ಬಂದ ಪ್ರೊಫೆಸರ್ ಒಂದು ಮೀನು ಕೇಳಿದರು.

"ಕೊಡಬಾರ್ದಲ್ಲಪ್ಪ, ಆಮಿಷ ಆಗುತ್ತೆ" ಎಂದಳು ಅಜ್ಜಿ. ಅವರ ಮುಖ ಇಳಿದದ್ದು ನೋಡಿ, ಎರಡು ಮೀನು ಕೈಗಿಟ್ಟು, "ಅಡ್ಡಪರಿಣಾಮ ಅಂತ ಬರ್ಕೋ" ಎಂದಳು.

ಈಗ ಊರಿನಲ್ಲಿ ಹನ್ನೊಂದು ಅಧ್ಯಯನಗಳು ನಡೆಯುತ್ತಿವೆ. ಎಲ್ಲದಕ್ಕೂ ಅಜ್ಜಿಯೇ ಮುಖ್ಯಸ್ಥೆ. ಪ್ರೊಫೆಸರ್ ವರ್ಷವೂ ವಿದ್ಯಾರ್ಥಿಗಳನ್ನು ಕರೆತರುತ್ತಾರೆ. ಮೊದಲ ಪಾಠ ಸುತ್ತಿಗೆ ಹಿಡಿಯುವುದು. ಸೋರುವ ನನ್ನ ಮಾಡು ಆರನೆಯ ಅಧ್ಯಯನ, ಮುಂದಿನ ಜೂನ್ ತಿಂಗಳಿಗೆ ನಿಗದಿಯಾಗಿದೆ. ಮೊನ್ನೆ ಮಂಚದ ಮೇಲೆ ಬಕೆಟ್ ಇಟ್ಟುಕೊಂಡು ಕುಳಿತಿದ್ದಾಗ ಸೈಲಸ್ ಏಣಿ ತಂದ.

"ಎರಡು ಹಲಗೆ ಬಡಿದ್ರೆ ಮುಗೀತು ಕಣೋ, ಅರ್ಧ ಗಂಟೆ ಕೆಲಸ."

"ಮುಟ್ಬೇಡ ಮಾರಾಯ" ಎಂದೆ, ಬಕೆಟ್ ಸರಿಸಿ ಅವನಿಗೂ ಜಾಗ ಮಾಡಿಕೊಡುತ್ತಾ. "ಅಧ್ಯಯನ ಕೆಡುತ್ತೆ."