ಬಿರಡೆ ಬಿಚ್ಚಿ ನೋಡಿದ ದಾಸ್ತಾನು

ಅನುಮಾನ ಪಡುವುದರಲ್ಲಿ ಚನ್ನಗಿರಿ ಪೇಟೆಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ನನ್ನ ಹೊಟ್ಟೆಪಾಡೇ ಅದಾಗಿತ್ತು. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು ನಾನು. ಚೀಲದ ಬಾಯಲ್ಲಿ ಒಳ್ಳೇ ಮಾಲು, ಹೊಟ್ಟೆಯಲ್ಲಿ ಜೊಳ್ಳು ತುಂಬಿ ತರುವ ಮಹಾನುಭಾವರನ್ನು ದಿನಾ ನೋಡುತ್ತಿದ್ದೆ. ಹಾಗಾಗಿ ಹೊಲಿಗೆ ಬಿಚ್ಚಿ, ಮೊಣಕೈವರೆಗೆ ಕೈ ಇಳಿಸಿ, ತಳದ ಅಡಿಕೆ ತೆಗೆದು ಮೂಸಿ, ಕಚ್ಚಿ ನೋಡದೆ ಯಾವ ಚೀಲವನ್ನೂ ಪುಸ್ತಕಕ್ಕೆ ಏರಿಸುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಗಿರಿಜೆ ಕೊಟ್ಟ ಕಾಫಿಯನ್ನೂ ಚಮಚದಿಂದ ತಳ ಕಲಕಿ, ಏನಿದೆ ಏನಿಲ್ಲ ನೋಡಿಯೇ ಕುಡಿಯುತ್ತಿದ್ದೆ.

ಇಂಥ ನನ್ನನ್ನು ಒಂದು ವಿಜ್ಞಾನದ ಕಂಪನಿಗೆ ಲೆಕ್ಕ ಬರೆಯಲು ಕರೆದರು! ಎಂಬತ್ತರ ದಶಕದ ಮಾತು. ಕರೆದವನು ಗಿರಿಜೆಯ ತಮ್ಮ ನಟರಾಜ. ಕೃಷಿ ಓದಿ ಬಂದ ಹುಡುಗ, ಹೊನ್ನಾಳಿಯಲ್ಲಿ ಅಕ್ಕಿ ಗಿರಣಿಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದು ಜೀವಾಣು ಗೊಬ್ಬರದ ಕಂಪನಿ ತೆರೆದಿದ್ದ. ಕಣ್ಣಿಗೆ ಕಾಣದ ಜೀವಾಣುಗಳನ್ನು ಗಾಜಿನ ಕೊಳವೆಗಳಲ್ಲಿ ಸಾಕಿ, ಬೆಳೆಸಿ, ಇದ್ದಿಲ ಪುಡಿಗೆ ಬೆರೆಸಿ ಪೊಟ್ಟಣ ಕಟ್ಟುತ್ತಾನೆ. ರೈತರು ಅದನ್ನು ಶೇಂಗಾ ಬೀಜಕ್ಕೆ ಸವರಿ ಬಿತ್ತುತ್ತಾರೆ. ಷೇರುದಾರರೆಲ್ಲ ನೆಂಟರೇ. ಗಿರಿಜೆ ತವರಿನವರು ಕೊಟ್ಟ ಎರಡೆಳೆ ಸರವನ್ನೇ ಮಾರಿ ತಮ್ಮನ ಕೈಗೆ ಹಾಕಿದ್ದಳು. ಎಲ್ಲರಿಗಿಂತ ಹೆಚ್ಚು ಹಾಕಿದವರು ಅವಳ ಚಿಕ್ಕಪ್ಪ, ಜಗಳೂರಿನ ಬಸಣ್ಣ ಮಾವ. ಮೊದಲ ವಾರ್ಷಿಕ ಸಭೆಗೆ ಅವರು ಬರುವವರಿದ್ದರು. ಲೆಕ್ಕವೂ ದಾಸ್ತಾನೂ ಮನಸ್ಸಿಗೆ ಬಂದರೆ ಮುಂದಿನ ಬಿತ್ತನೆಗೆ ಇನ್ನಷ್ಟು ಹಾಕುತ್ತಾರೆ. ಬರದಿದ್ದರೆ ಅವರ ಪಾಲು ವಾಪಸ್ಸು, ಕಂಪನಿಗೆ ಬೀಗ, ಸರಕ್ಕೆ ಎಳ್ಳುನೀರು.

"ಭಾವ, ನೀವು ಬರೆದ ಲೆಕ್ಕ ಅಂದ್ರೆ ಚಿಕ್ಕಪ್ಪ ನಂಬ್ತಾರೆ. ಬರೆದುಕೊಡ್ರಿ," ಅಂದ ನಟರಾಜ.

"ಬರೀತೀನಿ. ದಾಸ್ತಾನು ಎಷ್ಟೈತೆ?"

"ನಲವತ್ತು ಕೊಳವೆ ಐತೆ."

"ಕೊಳವೆ ಕೇಳಲಿಲ್ಲಪ್ಪ. ಒಳಗೆ ಜೀವ ಎಷ್ಟವೆ?"

"ಕೋಟಿಗಟ್ಟಲೆ ಭಾವ."

"ಎಣಿಸೀಯೇನು?"

ಅವನು ನಕ್ಕ. ನಾನು ನಗಲಿಲ್ಲ. ಎಣಿಸದೆ ಕೋಟಿ ಎನ್ನುವವನಿಗೆ ಮಂಡಿಯಲ್ಲಿ ಕೂರಲು ಚಾಪೆಯನ್ನೂ ಹಾಕುವುದಿಲ್ಲ.

"ಹೋದ ತಿಂಗಳು ಹತ್ತೇ ಕೊಳವೆ ಅಂದಿದ್ದಿ. ಉಳಿದದ್ದರ ಖರೀದಿ ಚೀಟಿ ಎಲ್ಲೈತೆ?"

"ಖರೀದಿ ಎಲ್ಲಿಂದ ಬರ್ತತಿ ಭಾವ? ಅವು ತಾವೇ ಬೆಳೀತಾವೆ."

ಖರೀದಿ ಇಲ್ಲದೆ ದಾಸ್ತಾನು ಬೆಳೆಯುವುದಕ್ಕೆ ನಮ್ಮ ವೃತ್ತಿಯಲ್ಲಿ ಒಂದೇ ಹೆಸರು. ಹೆಂಡತಿಯ ತಮ್ಮನ ಮುಖಕ್ಕೆ ಹೇಳುವಂಥ ಹೆಸರಲ್ಲ ಅದು. ರಸೀದಿಗಳ ಕಟ್ಟು ಹಿಡಿದು ಮನೆಗೆ ಬಂದೆ.

ರಸೀದಿ ಓದುತ್ತಾ ಹೋದಂತೆ ಅನುಮಾನ ಬಲಿಯಿತು. ಪ್ರೆಶರ್ ಕುಕ್ಕರ್. ಸಕ್ಕರೆ. ಹತ್ತಿ. ಸ್ಪಿರಿಟ್. ಮತ್ತೆ ಸಕ್ಕರೆ. ಮತ್ತೆ ಹತ್ತಿ!

"ಗಿರಿಜಾ, ನಿನ್ನ ತಮ್ಮ ಹೊನ್ನಾಳಿಯಲ್ಲಿ ಗುಟ್ಟಾಗಿ ಸಂಸಾರ ಹೂಡ್ಯಾನೆ!"

"ಏನಂದ್ರಿ?"

"ಗೊಬ್ಬರದ ಕಂಪನಿಗೆ ಕುಕ್ಕರ್ ಯಾಕೆ? ಹತ್ತಿ ಬಾಣಂತಿಗೆ, ಸಕ್ಕರೆ ಕೂಸಿಗೆ, ಸ್ಪಿರಿಟ್ ಅವನಿಗೆ. ಲೆಕ್ಕ ಸರಿಹೋಯ್ತು ನೋಡು."

"ಕೊಳವೆ ಬೇಯಿಸಾಕೆ ಕುಕ್ಕರಂತೆ, ದೀಪಕ್ಕೆ ಸ್ಪಿರಿಟ್ಟಂತೆ, ಜೀವಾಣು ತಿನ್ನಾಕೆ ಸಕ್ಕರೆಯಂತೆ. ಅವನೇ ಹೇಳ್ಯಾನೆ."

"ಸಕ್ಕರೆ ತಿಂದು ಗೊಬ್ಬರ ಕೊಡೋ ಪ್ರಾಣಿ! ನೀನು ನಂಬಿದೆ!"

"ಅಡಿಕೆ ತಿಂದು ಬರೇ ಅನುಮಾನ ಕೊಡೋರನ್ನೇ ಇಷ್ಟು ವರ್ಷ ನಂಬೀನಿ. ಇದೇನು ಮಹಾ?" ಎಂದು ಅವಳು ಒಳಗೆ ಹೋದಳು.

ಸಭೆಗೆ ಇನ್ನು ನಾಲ್ಕು ದಿನ. ನಟರಾಜ ಪೊಟ್ಟಣದ ಚೀಲ ತರಲು ದಾವಣಗೆರೆಗೆ ಹೋಗಿದ್ದ. ಅಲ್ಲಿಂದ ಜಗಳೂರಿಗೆ ಹೋಗಿ, ಸಭೆಯ ದಿನವೇ ಬಸಣ್ಣ ಮಾವನನ್ನು ಕರೆದುಕೊಂಡು ಬರುವವನಿದ್ದ. ಹಠಾತ್ ತಪಾಸಣೆಗೆ ಇದಕ್ಕಿಂತ ಪ್ರಶಸ್ತ ಮುಹೂರ್ತ ಯಾವುದು? ಬೆಳಗಿನ ಬಸ್ಸಿಗೆ ಹೊನ್ನಾಳಿಗೆ ಹೊರಟೆ. ಗಿರಣಿಯವರು "ನಟರಾಜನ ಭಾವನೋರಲ್ವೇನ್ರಿ" ಎಂದು ಬೀಗದ ಕೈಯನ್ನು ತಾವಾಗಿಯೇ ಕೊಟ್ಟರು. ಅಷ್ಟು ಸಲೀಸಾಗಿ ಕೊಟ್ಟದ್ದೂ ನನಗೆ ಅನುಮಾನವೇ.

ಕೋಣೆಯಲ್ಲಿ ಬಾಣಂತಿ ಇರಲಿಲ್ಲ. ಕೂಸೂ ಇರಲಿಲ್ಲ. ನಿಜ ಹೇಳುತ್ತೇನೆ, ಸ್ವಲ್ಪ ಬೇಸರವಾಯಿತು. ಒಂದು ಗಾಜಿನ ಕಪಾಟು, ಅದರೊಳಗೆ ಬಾಯಿಗೆ ಹತ್ತಿಯ ಬಿರಡೆ ಹಾಕಿದ ಕೊಳವೆಗಳು, ಬಾಗಿಲ ಮೇಲೆ ದಪ್ಪಕ್ಷರದಲ್ಲಿ "ಯಾರೂ ಮುಟ್ಟಬಾರದು" ಎಂಬ ಚೀಟಿ. ಸಿಕ್ಕಿಬಿದ್ದ! ಮುಟ್ಟಬಾರದು ಎಂದು ಬರೆದ ಕಡೆ ಮುಟ್ಟದವನು ಎಂಥ ಲೆಕ್ಕಿಗ?

ಮೊದಲ ಬಿರಡೆ ಕಿತ್ತೆ. ತಳದಲ್ಲಿ ಗಂಜಿಯಂಥ ಅಂಟು, ಅದರ ಮೇಲೆ ಬೆಳ್ಳಗೆ ಏನೋ ಬಳಿದಂತಿತ್ತು. ಮೂಸಿದೆ. ವಾಸನೆಯಿಲ್ಲ. ಮೇಲೆ ಒಳ್ಳೇ ಮಾಲು ಕಂಡರೆ ತಳ ನೋಡಬೇಕೆನ್ನುವುದು ಮಂಡಿಯ ಧರ್ಮ. ಕೊಳವೆಗೆ ಕೈ ಹೋಗಲಿಲ್ಲ. ಮೂಲೆಯಲ್ಲಿದ್ದ ಪೊರಕೆಯಿಂದ ಒಂದು ಕಡ್ಡಿ ಮುರಿದು ತಳದವರೆಗೆ ತಿವಿದೆ. ಅದೇ ಕಡ್ಡಿಯನ್ನು ಎರಡನೆಯದಕ್ಕೆ, ಮೂರನೆಯದಕ್ಕೆ, ಹೀಗೆ ಒಂದನ್ನೂ ಬಿಡದೆ ತಿವಿದೆ. ಒಳಗೆ ಕತ್ತಲೆ ಅನಿಸಿ ಎಲ್ಲವನ್ನೂ ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದೆ. ಗಿರಣಿಯ ತೌಡು ಹಾರಿ ಬಂದು ಕೂರುತ್ತಿತ್ತು, ಟವಲ್ಲಿನಿಂದ ಕೊಳವೆಗಳ ಬಾಯಿ ಒರೆಸಿದೆ. ನೆಲದ ಮೇಲೆ ಹರಡಿದ್ದ ಬಿರಡೆಗಳನ್ನು ಊದಿ, ಕೊಡವಿ, ಸಿಕ್ಕಸಿಕ್ಕ ಕೊಳವೆಗೆ ತುರುಕಿ, ಕಪಾಟಿಗೆ ಮರಳಿಸಿದೆ. ಇಷ್ಟು ಶ್ರದ್ಧೆಯಿಂದ ದಾಸ್ತಾನು ಪರಿಶೀಲನೆ ಕರ್ನಾಟಕದಲ್ಲಿ ಬೇರೆಲ್ಲೂ ನಡೆದಿರಲಾರದು. ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು, ಸಂತೃಪ್ತನಾಗಿ ಊರಿಗೆ ಬಂದು ವರದಿ ಬರೆದೆ.

ಸಭೆಯ ದಿನ ಗಿರಣಿಯ ಅಂಗಳದಲ್ಲಿ ಜಮಖಾನೆ ಹಾಸಿ ನೆಂಟರೆಲ್ಲ ಕೂತರು. ಬಸಣ್ಣ ಮಾವ ಕೂರುತ್ತಲೇ, "ಮಾಲು ಮೊದಲು ನೋಡಾನ, ಲೆಕ್ಕ ಆಮೇಲೆ ಕೇಳಾನ," ಎಂದರು. ನಟರಾಜ ನಗುತ್ತಾ ಹೋಗಿ ಕಪಾಟು ತೆರೆದ. ಹಾಗೇ ನಿಂತುಬಿಟ್ಟ.

ಕೊಳವೆಗಳಲ್ಲಿ ಹಸಿರು, ಕಪ್ಪು, ಕಿತ್ತಳೆ, ಬಗೆಬಗೆಯ ಬೂಷ್ಟು! ಕೆಲವಕ್ಕೆ ಗಡ್ಡ ಬಂದಿತ್ತು.

"ಇದೇನಪ್ಪಾ? ಹಳೇ ಉಪ್ಪಿನಕಾಯಿ ಕಂಡಂಗೆ ಕಾಣ್ತತಿ?" ಎಂದರು ಮಾವ.

ನಾನು ಎದ್ದು ನಿಂತೆ. "ನನಗೆ ಮೊದಲೇ ಅನುಮಾನ ಇತ್ತು ಮಾವ! ಎಲ್ಲಾ ಬರಕಂಡು ಬಂದೀನಿ," ಎಂದು ವರದಿ ಬಿಚ್ಚಿ ಗಂಟಲು ಸರಿಮಾಡಿಕೊಂಡೆ. "ಸದರಿ ಕಂಪನಿಯ ದಾಸ್ತಾನನ್ನು ಲೆಕ್ಕಿಗನಾದ ನಾನು ಖುದ್ದಾಗಿ ಪರಿಶೀಲಿಸಿರುತ್ತೇನೆ. ಪ್ರತಿಯೊಂದು ಕೊಳವೆಯ ಬಿರಡೆ ತೆಗೆದು, ಮೂಸಿ, ಪೊರಕೆ ಕಡ್ಡಿಯಿಂದ ತಳದವರೆಗೆ ತಿವಿದು..."

"ಭಾವ," ಎಂದ ನಟರಾಜ. "ಬಿರಡೆ ತೆಗೆದ್ರಾ? ಎಲ್ಲಾವನ್ನೂ?"

"ಒಂದನ್ನೂ ಬಿಟ್ಟಿಲ್ಲ," ಎಂದೆ ಹೆಮ್ಮೆಯಿಂದ. ಆ ಹೆಮ್ಮೆಗೆ ಅದೇ ಕೊನೆಯ ಗಳಿಗೆ.

ಅವನು ನೆಲಕ್ಕೆ ಕುಸಿದು ಕೂತ. "ಗಾಳಿ ಜೊತೆ ಬೂಷ್ಟು ಒಳಗೆ ಹೋಗಬಾರದು ಅಂತ್ಲೇ ಬಿರಡೆ ಹಾಕೋದು ಭಾವ. ಕುಕ್ಕರಿನಲ್ಲಿ ಬೇಯಿಸೋದು, ದೀಪ ಹಚ್ಚಿಕೊಂಡು ಕೆಲಸ ಮಾಡೋದು, ಎಲ್ಲಾ ಅದಕ್ಕೇ."

ಅಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಜನರ ಮುಂದೆ ಬೈಸಿಕೊಂಡರೆ ತಿರುಗಿ ಜಗಳವನ್ನಾದರೂ ಆಡಬಹುದು. ಅವನ ಆ ಸಪ್ಪೆ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಬಸಣ್ಣ ಮಾವ ಶಲ್ಯ ಕೊಡವಿ ಎದ್ದರು. "ಹಂಗಾದ್ರೆ ಮಾಲೇ ಇಲ್ಲ ಅಂದಂಗಾತು. ನನ್ನ ಪಾಲು ಕೊಟ್ಟುಬಿಡ್ರಪ್ಪಾ."

ನನ್ನ ಕಣ್ಣು ಗಿರಿಜೆಯ ಬರಿಗೊರಳಿನ ಮೇಲೆ ಹೋಯಿತು. ಅವಳು ನನ್ನ ಕಡೆ ನೋಡಲೇ ಇಲ್ಲ. ಎದ್ದು ತನ್ನ ಕೈಚೀಲಕ್ಕೆ ಕೈ ಹಾಕಿ, ಒದ್ದೆ ಬಟ್ಟೆ ಸುತ್ತಿದ ಒಂದು ಕೊಳವೆ ತೆಗೆದಳು. ಬೆಳ್ಳಗೆ, ಶುಭ್ರವಾಗಿತ್ತು.

"ಇದೊಂದು ಐತೆ ಚಿಕ್ಕಪ್ಪ. ಕೆಟ್ಟ ಕಾಲಕ್ಕೆ ಇರಲಿ, ಭಾವನ ಕಣ್ಣಿಗೆ ಬೀಳದಂಗೆ ಇಡಕ್ಕ ಅಂತ ನಟರಾಜ ಕೊಟ್ಟಿದ್ದ. ನಮ್ಮ ಅಡಿಗೆಮನೆಯಾಗೆ, ಉಪ್ಪಿನಕಾಯಿ ಜಾಡಿ ಹಿಂದೆ ಇಟ್ಟಿದ್ದೆ."

ನಮ್ಮ ಅಡಿಗೆಮನೆಯಲ್ಲಿ! ಇಡೀ ತಾಲ್ಲೂಕನ್ನೇ ಅನುಮಾನಿಸಿದವನು ನನ್ನ ಮನೆಯ ಜಾಡಿಯನ್ನು ಸರಿಸಿ ನೋಡಿರಲಿಲ್ಲ.

"ಇವತ್ತು ಯಾಕೆ ತಂದೆ?" ಎಂದು ತೊದಲಿದೆ.

"ಅವತ್ತು ನಿಮ್ಮ ಟವಲ್ಲಿಗೆ ತೌಡು ಹತ್ತಿತ್ತು. ಅನುಮಾನ ಬಂತು."

"ನನ್ನ ಮೇಲೇ ಅನುಮಾನವೇನೇ?"

"ನಿಮ್ಮ ಹತ್ರನೇ ಕಲ್ತದ್ದು."

ಕೊಟ್ಟದ್ದನ್ನೇ ಮರೆತಿದ್ದ ನಟರಾಜನ ಮುಖಕ್ಕೆ ಜೀವ ಬಂತು. ಈ ಒಂದರಿಂದಲೇ ಬಿತ್ತನೆಯೊಳಗೆ ಮತ್ತೆ ಕಪಾಟು ತುಂಬಿಸುತ್ತೇನೆ ಎಂದ. ಅದು ನಿಜವೇ ಎಂದು ನೋಡಲು ನನ್ನ ಕೈ ತನ್ನಷ್ಟಕ್ಕೆ ತಾನೇ ಕೊಳವೆಯ ಕಡೆ ಹೋಯಿತು. ಅಂಗಳದಲ್ಲಿದ್ದ ನೆಂಟರೆಲ್ಲ ಒಟ್ಟಿಗೆ ಹಾರಿ ಬಂದು ಹಿಡಿದುಕೊಂಡರು!

ಬಸಣ್ಣ ಮಾವ ಮತ್ತೆ ಕೂತರು. ದುಡ್ಡು ಹಾಕಲು ಒಪ್ಪಿದರು. ಒಂದೇ ಷರತ್ತು ಹಾಕಿದರು: "ಹುಡುಗ ಇರಲಿ, ಜೀವಾಣು ಇರಲಿ. ಲೆಕ್ಕದೋರನ್ನ ಬದಲಾಯಿಸ್ರಿ."

ಹೊಸ ಲೆಕ್ಕಿಗರು ಬರೆದ ವಾರ್ಷಿಕ ವರದಿ ನಮ್ಮ ಮನೆಗೂ ಬಂತು, ಗಿರಿಜೆ ಷೇರುದಾರಳಲ್ಲವೇ. ಲೆಕ್ಕದ ನಿಯಮಗಳಲ್ಲಿ ಮೊದಲನೆಯದೇ "ದಾಸ್ತಾನನ್ನು ಗಾಜಿನ ಹೊರಗಿನಿಂದ ಎಣಿಸತಕ್ಕದ್ದು." ಕೆಳಗೆ ನಷ್ಟದ ವಿವರ: ಬೂಷ್ಟು. ಕಾರಣ ಎಂಬ ಕಡೆ ನನ್ನ ಹೆಸರನ್ನೂ ಹಾಕಿರಲಿಲ್ಲ. "ಭಾವ" ಎಂದಷ್ಟೇ ಇತ್ತು.

ಆ ವರ್ಷ ಜಗಳೂರಿನ ಕಡೆ ಶೇಂಗಾ ಚೆನ್ನಾಗಿ ಬಂತು. ಗಿರಿಜೆಯ ಕೊರಳಿಗೆ ಸರವೂ ಬಂತು. ನಾನು ಮಾತ್ರ ಅಂದಿನಿಂದ ಮನೆಯಲ್ಲಿ ಯಾವುದರ ತಳವನ್ನೂ ಕಲಕಿ ನೋಡುವುದಿಲ್ಲ. ಸಕ್ಕರೆಯೆಲ್ಲ ಲೋಟದ ತಳದಲ್ಲೇ ಉಳಿಯುತ್ತದೆ. ಕಹಿ ಕಾಫಿ ಕುಡಿದು, ಚೆನ್ನಾಗಿದೆ ಎನ್ನುತ್ತೇನೆ.