ಜರ್ಮನಿಯ ಬೇಸಿಗೆ, ನನ್ನ ಮಗಳ ರಾಶಿ

ನಾನು ಓದು ನಿಲ್ಲಿಸಿದ್ದು ೧೯೭೬ರಲ್ಲಿ, ಏಳನೆಯ ಇಯತ್ತೆಗೆ. ಅಲ್ಲಿಂದ ಒಂದು ದಿನವೂ ಕೆಲಸಕ್ಕೆ ತಡವಾಗಿ ಹೋದವನಲ್ಲ. ಓದಿದವರಾದರೆ ತಡವಾದದ್ದಕ್ಕೆ ಚೆಂದದ ಕಾರಣ ಕೊಡಬಲ್ಲರು. ನಮ್ಮಂಥವರಿಗೆ ಹೊತ್ತಿಗೆ ಸರಿಯಾಗಿ ಹೋಗುವುದೇ ಸುಲಭ. ದೋಹಾದಲ್ಲಿ ನಾನು ಫೋರ್‌ಮನ್ ಆದದ್ದೂ ಹಾಗೆಯೇ. ಇದನ್ನು ಮೆಚ್ಚಿ ನಮ್ಮ ಸೈಟಿನ ಜರ್ಮನ್ ಇಂಜಿನಿಯರು ಚಳಿಗಾಲದ ರಜೆಯಿಂದ ಬರುವಾಗ ನನಗೊಂದು ಕೈಗಡಿಯಾರ ತಂದರು. ಅವರ ದೇಶದ ಗೋಪುರವೊಂದು ರೇಡಿಯೋದಲ್ಲಿ ಸಮಯ ಸಾರುತ್ತದಂತೆ. ಗಡಿಯಾರ ರಾತ್ರಿ ಅದನ್ನು ಕೇಳಿಸಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುತ್ತದಂತೆ. “ಇಷ್ಟು ದೂರ ಅಲೆ ಬರುವುದು ಅಪರೂಪ. ಬರದಿದ್ದರೆ ತಾನೇ ಎಣಿಸಿಕೊಂಡು ಹೋಗುತ್ತದೆ. ಅದು ತೋರಿಸುವುದು ನಮ್ಮ ದೇಶದ ಹೊತ್ತು, ನೀನು ಎರಡು ಗಂಟೆ ಕೂಡಿಸಿಕೋ” ಎಂದರು. ಕೂಡಿಸುವ ಲೆಕ್ಕ ನಾನು ಶಾಲೆ ಬಿಡುವ ಮೊದಲೇ ಮುಗಿದಿತ್ತು.

ಏಪ್ರಿಲಿನಲ್ಲಿ ಮಗಳು ಹುಟ್ಟಿದಳು. ಆಸ್ಪತ್ರೆಯ ಗೋಡೆಯ ಮೇಲೆ ನಾಲ್ಕು ಗಂಟೆ. ನನ್ನ ಕೈಯಲ್ಲಿ ಮೂರು, ಕೂಡಿಸಿದರೆ ಐದು. “ಸಿಸ್ಟರ್, ನಿಮ್ಮ ಗಡಿಯಾರ ಒಂದು ಗಂಟೆ ಹಿಂದಿದೆ” ಎಂದು ಹಿಂದಿಯಲ್ಲಿ ಹೇಳಿದೆ. ಆ ಮಲಯಾಳಿ ನರ್ಸು ಕುರ್ಚಿ ಎಳೆದುಕೊಟ್ಟು, “ಕೂತ್ಕೊಳ್ಳಿ ಭಾಯಿ, ಮೊದಲ ಮಗುವಿಗೆ ಎಲ್ಲ ಅಪ್ಪಂದಿರೂ ಹೀಗೇ” ಎಂದಳು.

ಗದಗಿನಲ್ಲಿ ಜಾತಕ ಬರೆಯುವ ನನ್ನ ಹೆಂಡತಿಯ ಸೋದರಮಾವನಿಗೆ ಫೋನು ಮಾಡಿ ಐದು ಗಂಟೆ ಎಂದೆ. ಅವರು ನಮ್ಮ ದೇಶದ ಹೊತ್ತಿಗೆ ತಿರುಗಿಸಿ, “ಅಶ್ವಿನಿ ನಕ್ಷತ್ರ, ಮೇಷ ರಾಶಿ. ‘ಚು’ ಅಕ್ಷರದ ಹೆಸರಿಡ್ರಿ” ಎಂದರು. ‘ಚು’! ನಮ್ಮ ತಲೆಗೆ ಚುರುಮುರಿ, ಚುಟ್ಟಾ ಬಿಟ್ಟರೆ ಬೇರೇನೂ ಬರಲೊಲ್ಲದು. ಕೊನೆಗೆ ಹೆಂಡತಿಯೇ ‘ಚುಕ್ಕಿ’ ಎಂದಳು. ಅಲ್ ವಕ್ರಾದ ನಮ್ಮ ಮನೆಯಲ್ಲಿ, ಇದ್ದಬದ್ದ ಕನ್ನಡದವರನ್ನೆಲ್ಲ ಕರೆದು ನಾಮಕರಣ ಮಾಡಿದೆವು. ಮನೆಯ ಗೋಡೆ ಗಡಿಯಾರವನ್ನೂ ನಾನು ಒಂದು ಗಂಟೆ ಮುಂದೆ ತಿರುಗಿಸಿಟ್ಟಿದ್ದೆ. “ರೀ, ಟೀವಿ ವಾರ್ತೆ ದಿನಾ ತಡ ಬರಾಕತ್ತೇತಲ್ಲ?” ಎಂದಳು ಹೆಂಡತಿ. “ಟೀವಿಯವರಿಗೆ ಶಿಸ್ತಿಲ್ಲ” ಎಂದೆ.

ಹೆರಿಗೆಗೆಂದು ಹಾಕಿದ್ದ ರಜೆ ಮುಗಿದು ಕೆಲಸಕ್ಕೆ ಹೊರಟ ದಿನ ಕಂಪನಿ ಬಸ್ಸಿಗಾಗಿ ಒಂದು ಗಂಟೆ ರಸ್ತೆಯಲ್ಲಿ ನಿಂತೆ. ಬಂದ ಡ್ರೈವರನನ್ನು ಗದರಿದರೆ, “ಯಲ್ಲಾ, ಹತ್ತು! ನಿನ್ನ ಗಡಿಯಾರ ಖಲಾಸ್” ಎಂದ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಸೈಟಿನಲ್ಲಿ ಇಂಜಿನಿಯರು ನನ್ನ ಗಡಿಯಾರ ನೋಡಿ ಇನ್ನೂ ಜೋರಾಗಿ ನಕ್ಕರು. ಎಂದೂ ಬಾರದ ಅಲೆ ಯಾವುದೋ ರಾತ್ರಿ ಬಂದು ಮುಟ್ಟಿತ್ತು. ಬಿಸಿಲು ಉಳಿಸಲೆಂದು ಅವರ ದೇಶದಲ್ಲಿ ಮಾರ್ಚ್ ಕೊನೆಗೆ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಡುತ್ತಾರಂತೆ. ನನ್ನದೂ ವಿಧೇಯವಾಗಿ ಮುಂದೆ ಹೋಗಿತ್ತು. ಇನ್ನು ನಾನು ಕೂಡಿಸಬೇಕಾದದ್ದು ಒಂದೇ ಗಂಟೆ. ಕತಾರಿನಲ್ಲಿ ಬಿಸಿಲು ಉಳಿಸಬೇಕೆಂದು ಯಾರಿಗಾದರೂ ಅನ್ನಿಸಿದ್ದುಂಟೇ?

ಮಾವನಿಗೆ ಮತ್ತೆ ಫೋನು ಮಾಡಿದೆ.

“ಮಾವಾರ, ಕೂಸನ್ನ ಒಂದು ತಾಸು ಹಿಂದ ತಗೋರಿ.”

“ಏನ್ರೀ ಅಳಿಯಾರ, ಹುಟ್ಟಿದ ಕೂಸೇನು ಬಸ್ಸೇನ್ರೀ?” ಎಂದು ಪಂಚಾಂಗ ತಿರುವಿದರು. “ರೇವತಿ ಆತು. ‘ಚಿ’ ಬರ್ತೇತಿ. ರಾಶಿ ಮೀನ. ಒಂದ ತಾಸಿನ್ಯಾಗ ಟಗರು ಮೀನಾತಲ್ರೀ!”

ಜಾತಕಕ್ಕೆ ಚಿತ್ರಾ ಎಂದಾಯಿತು. ಚುಕ್ಕಿ ಮಾತ್ರ ಚುಕ್ಕಿಗೇ ತಿರುಗಿ ನೋಡುತ್ತಾಳೆ. ಹೊತ್ತೆಷ್ಟೆಂದು ಯಾರಾದರೂ ಕೇಳಿದರೆ ನಾನೀಗ ಹೆಂಡತಿಯ ಕಡೆ ಕೈ ತೋರಿಸುತ್ತೇನೆ. ಸದ್ಯ ನನಗಿರುವುದು ಒಬ್ಬ ಮಗಳು, ಎರಡು ಹೆಸರು, ಎರಡು ರಾಶಿ, ಎರಡು ಗಡಿಯಾರ.