ಅಳಿಯನ ಸ್ಪ್ಯಾನರಿಗೆ ನಾನು ಹೊಡೆಸಿದ ಮುದ್ರೆ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಕೈಕಾಲು ಗಟ್ಟಿಯಾಗಿತ್ತು, ಕಣ್ಣು ಚೆನ್ನಾಗಿತ್ತು. ಬುದ್ಧಿಯ ವಿಷಯ ಓದಿದ ಮೇಲೆ ನೀವೇ ಹೇಳಿ.

ಮಾಲೂರಿನಲ್ಲಿ ಮಗಳು ಪದ್ಮಳ ಮನೆಯಲ್ಲಿದ್ದೆ. ಅಳಿಯ ಮುರಳಿ ವಿಮಾನದ ಮೆಕ್ಯಾನಿಕ್. ಅವನಿದ್ದ ಕಂಪನಿ ಬಾಗಿಲು ಹಾಕಿಕೊಂಡ ಮೇಲೆ ಮನೆಯಲ್ಲೇ ಕೂತು ಬೀದಿಯವರ ಮಿಕ್ಸಿ ರಿಪೇರಿ ಮಾಡಿಕೊಡುತ್ತಿದ್ದ. ಆಕಾಶಕ್ಕೆ ಹಾರುವುದನ್ನು ಬಿಚ್ಚುತ್ತಿದ್ದ ಕೈ ಚಟ್ನಿ ರುಬ್ಬುವುದನ್ನು ಬಿಚ್ಚುತ್ತಿತ್ತು.

ಅವನಿಗೆ ಸರ್ಕಾರದ ಲೈಸೆನ್ಸ್ ಇತ್ತು. ಆ ಲೈಸೆನ್ಸು ಸೀಮೆಹಸುವಿಗಿಂತ ನಾಜೂಕು. ಎರಡು ವರ್ಷದಲ್ಲಿ ಆರು ತಿಂಗಳಾದರೂ ವಿಮಾನದ ಕೆಲಸ ಮಾಡಿ ತೋರಿಸದಿದ್ದರೆ ಮಲಗಿಬಿಡುತ್ತದಂತೆ. ಸರಿ, ಕೆಲಸ ಕೊಡಿ ಎಂದರೆ, "ಲೈಸೆನ್ಸ್ ಚಾಲ್ತಿಯಲ್ಲಿದೆಯಾ?" ಎನ್ನುತ್ತಾರೆ. ಚಾಲ್ತಿಯಲ್ಲಿಡಲು ಏನು ಬೇಕು? ಕೆಲಸ ಬೇಕು! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಈ ಗಾದೆ ಕಟ್ಟಿದವರು ಆಮೇಲೆ ಆ ಲೈಸೆನ್ಸ್ ಆಫೀಸಿಗೇ ಸೇರಿಕೊಂಡಿರಬೇಕು.

ಅಂತೂ ಬೆಂಗಳೂರಿನ ಆಚೆ ಸಣ್ಣ ವಿಮಾನ ರಿಪೇರಿ ಮಾಡುವ ಒಂದು ಶೆಡ್ಡಿನವರು ಆರು ತಿಂಗಳ ಮಟ್ಟಿಗೆ ಬಾ ಎಂದರು. ವಿಜಯದಶಮಿಯ ದಿನ ಸೇರಬೇಕು. ಸ್ವಂತ ಟೂಲ್ ಪೆಟ್ಟಿಗೆ ತರಬೇಕು. ಇದು ತಪ್ಪಿದರೆ ಗಡುವಿನೊಳಗೆ ಇನ್ನೊಂದು ಆರು ತಿಂಗಳು ಸಿಗುವುದಿಲ್ಲ. ಆಮೇಲೆ ಜನ್ಮವಿಡೀ ಮಿಕ್ಸಿ.

ಹಿಂದಿನ ದಿನ ಆಯುಧ ಪೂಜೆ. ಮುರಳಿ ಅವರಮ್ಮನ ಮನೆಯ ಟ್ರ್ಯಾಕ್ಟರ್ ಪೂಜೆಗೆಂದು ರಾಯಲ್ಪಾಡಿಗೆ ಹೋದ. ಪದ್ಮ ತನ್ನ ಫ್ಯಾಕ್ಟರಿಯ ಪೂಜೆಗೆ ಹೋದಳು. ಮನೆಯಲ್ಲಿ ಉಳಿದದ್ದು ನಾನು ಮತ್ತು ಪೆಟ್ಟಿಗೆ. ಬೀದಿಯಲ್ಲಿ ಸೈಕಲ್ಲಿಗೂ ಬಾಳೆಕಂದು ಕಟ್ಟಿದ್ದಾರೆ, ವಿಮಾನಕ್ಕೆ ಹೋಗುವ ಆಯುಧಕ್ಕೆ ಪೂಜೆ ಬೇಡವೇ?

ಪೆಟ್ಟಿಗೆ ತೆರೆದೆ. ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿದೆ. ಅದರಲ್ಲಿ ಒಂದು ಉದ್ದನೆಯ ಸ್ಪ್ಯಾನರ್ ಇತ್ತು. ನಟ್ಟು ಎಷ್ಟು ಬೇಕೋ ಅಷ್ಟು ಬಿಗಿಯಾದಾಗ 'ಟಕ್' ಎನ್ನುವಂಥದ್ದು. ಅದರ ಮೈಮೇಲೆ ಯಾವುದೋ ಚೀಟಿ ಅಂಟಿಕೊಂಡಿತ್ತು. ದೇವರ ಮುಂದೆ ಇಡುವ ವಸ್ತುವಿಗೆ ಚೀಟಿಯೇ? ಕೊಬ್ಬರಿ ಎಣ್ಣೆ ಹಚ್ಚಿ, ಉಗುರಿನಿಂದ ಕೆರೆದು ಕೆರೆದು ತೆಗೆದೆ. ಫಳಫಳ ಎಂದಿತು. ಅರಿಶಿನ ಕುಂಕುಮ ಇಟ್ಟು ಕೈಮುಗಿದೆ.

ಅಷ್ಟರಲ್ಲಿ ಪದ್ಮ ಸಿಹಿ ಡಬ್ಬ ಹಿಡಿದು ಬಂದಳು.

"ಅಮ್ಮಾ, ಇದರ ಸ್ಟಿಕ್ಕರ್ ಎಲ್ಲಿ?"

"ಗಲೀಜಾಗಿತ್ತು ಕಣೇ, ಕಿತ್ತಾಕ್ದೆ."

"ಕಿತ್ತಾಕಿದ್ಯಾ! ಅಳತೆ ಸರಿಯಿದೆ ಅಂತ ಪರೀಕ್ಷೆ ಮಾಡಿ ಅಂಟ್ಸಿರೋದಮ್ಮ ಅದು! ಅದಿಲ್ದಿದ್ರೆ ಅವ್ರನ್ನ ಗೇಟೊಳಗೇ ಬಿಡಲ್ಲ!"

ಹುಡುಕಿದೆವು. ಚೀಟಿ ಹುಣಸೆಹಣ್ಣಿನ ನೀರಿನ ಜೊತೆ ಮೋರಿ ಸೇರಿತ್ತು. ಪದ್ಮ ತಲೆಯ ಮೇಲೆ ಕೈ ಹೊತ್ತು ಕೂತಳು.

ನಾನು ಕೂರುವವಳಲ್ಲ. ಕೋಲಾರದ ಮಾರ್ಕೆಟ್ಟಿನಲ್ಲಿ ಅರ್ಧ ಆಯಸ್ಸು ಟೊಮೇಟೊ ಮಾರಿದವಳು. ಅಳತೆಯ ಪರೀಕ್ಷೆ ನನಗೆ ಗೊತ್ತಿಲ್ಲವೇ? ತೂಕದ ಕಲ್ಲುಗಳಿಗೆ ವರ್ಷ ವರ್ಷವೂ ಮುದ್ರೆ ಹಾಕಿಸಿದ್ದೇನೆ. ಚೀಟಿಯಾದರೆ ಕಿತ್ತು ಬರುತ್ತದೆ. ಮುದ್ರೆ ಬರುತ್ತದೆಯೇ? ಮಗಳು ತಲೆಯಿಂದ ಕೈ ತೆಗೆಯುವಷ್ಟರಲ್ಲಿ ಸ್ಪ್ಯಾನರನ್ನು ಟವಲಿನಲ್ಲಿ ಸುತ್ತಿಕೊಂಡು ಕೋಲಾರದ ಬಸ್ಸು ಹತ್ತಿದ್ದೆ.

ತಕ್ಕಡಿ ರಿಪೇರಿಯ ವೆಂಕಟಪ್ಪ ಅಂಗಡಿಗೆ ಮಾವಿನ ತೋರಣ ಕಟ್ಟಿ, ಬಂದವರಿಗೆ ಕಡ್ಲೆಪುರಿ ಹಂಚುತ್ತಿದ್ದ.

"ಇವತ್ತು ಆಯುಧ ಮುಟ್ಟಲ್ಲ ಅಕ್ಕಯ್ಯ. ಪೂಜೆಗಿಟ್ಟಿದೀನಿ."

"ಲೇ ವೆಂಕಟಪ್ಪ, ತಕ್ಕಡಿ ತಂದಿಲ್ಲ ಕಣೋ. ವಿಮಾನದ್ದು ಇದು!"

"ವಿಮಾನದ್ದಾ?" ಅವನ ಕಣ್ಣು ಅರಳಿತು. ಆಯುಧಗಳ ಕಡೆ ತಿರುಗಿ, "ತಪ್ಪಾಯ್ತು ತಾಯಿ" ಎಂದು ಕೆನ್ನೆ ತಟ್ಟಿಕೊಂಡು ಸುತ್ತಿಗೆ ಎತ್ತಿಕೊಂಡ.

ಸ್ಪ್ಯಾನರಿನ ಒಂದು ತುದಿಯನ್ನು ಮೇಜಿನ ಕಬ್ಬಿಣದ ಇಕ್ಕಳಕ್ಕೆ ಕಚ್ಚಿಸಿ ಇನ್ನೊಂದು ತುದಿಗೆ ಐದು ಕೆಜಿ ಕಲ್ಲು ತೂಗುಹಾಕಿದ. ಟಕ್ ಎನ್ನಲಿಲ್ಲ. ಹತ್ತು ಕೆಜಿ ಹಾಕಿದ. ಎನ್ನಲಿಲ್ಲ.

"ಏನಕ್ಕಯ್ಯಾ ಇದು, ಮಾತೇ ಆಡಲ್ಲ?"

"ಬಿಗಿಯಾಗೈತೇನೋ. ಸಡ್ಲ ಮಾಡು."

ಹಿಡಿಯ ಕೆಳಗೆ ಮೇಣದಂಥ ಸೀಲು ಇತ್ತು. ಅದನ್ನು ಕೆರೆದು ತೆಗೆದು ಒಳಗಿನ ಸ್ಕ್ರೂ ತಿರುಗಿಸಿದ. ಟಕ್! ಇಬ್ಬರೂ ಹಿಗ್ಗಿಹೋದೆವು. ಆಮೇಲೆ ಅಚ್ಚಿನ ಉಳಿ ಇಟ್ಟು ಸುತ್ತಿಗೆಯಿಂದ ಬಲವಾಗಿ ಬಾರಿಸಿದ. ಮೂಡಿದ್ದು ಅವನ ಹೆಸರಿನ ಮೊದಲ ಅಕ್ಷರ. ನಿಜವಾದ ಮುದ್ರೆ ಹಾಕಬೇಕಾದವರು ಸರ್ಕಾರದವರು, ಅವರಿಗೆ ಅಂದು ರಜೆ. ವೆಂಕಟಪ್ಪನಿಗೆ ಅಧಿಕಾರ ಇಲ್ಲದಿದ್ದರೇನು, ಹುಮ್ಮಸ್ಸಿತ್ತು!

ಸಾಯಂಕಾಲ ಅಳಿಯ ಬಂದ. ಗೆದ್ದ ಪೈಲ್ವಾನನಿಗೆ ಗದೆ ಕೊಡುವಂತೆ ಸ್ಪ್ಯಾನರನ್ನು ಅವನ ಕೈಗಿಟ್ಟು ಎಲ್ಲವನ್ನೂ ವಿವರಿಸಿದೆ. ಮುರಳಿ ಬಹಳ ಮರ್ಯಾದಸ್ಥ. ಅತ್ತೆಗೆ ಎದುರಾಡಿದವನಲ್ಲ.

"ಅತ್ತೆ... ಸುತ್ತಿಗೇಲಿ ಹೊಡ್ಸಿದ್ರಾ?"

"ಹೂಂ ಕಣಪ್ಪ. ಇನ್ನು ಜನ್ಮದಲ್ಲಿ ಅಳಿಸಲ್ಲ."

"ಅಳಿಸಲ್ಲ ಬಿಡಿ" ಎಂದು ಅದನ್ನು ಮೆಲ್ಲಗೆ ನೆಲದ ಮೇಲೆ ಮಲಗಿಸಿದ.

ಕೈತಪ್ಪಿ ನೆಲಕ್ಕೆ ಬಿದ್ದರೂ ಅದನ್ನು ಮತ್ತೆ ಪರೀಕ್ಷೆಗೆ ಕಳಿಸಬೇಕಂತೆ. ನಾನು ಸುತ್ತಿಗೆಯಿಂದ ಹೊಡೆಸಿದ್ದೆ. ಅದು ರಿಪೇರಿಯಾಗಿ ಬರುವಷ್ಟರಲ್ಲಿ ಶೆಡ್ಡಿನವರು ಬೇರೆಯವನನ್ನು ಕರೆದಿರುತ್ತಾರೆ.

"ಬೇರೆ ಯಾವ್ದಾದ್ರೂ ಸ್ಟಿಕ್ಕರ್ ಅಂಟ್ಸಿದ್ರೆ?" ಎಂದಳು ಪದ್ಮ. ಗಂಡ ನೋಡಿದ ನೋಟಕ್ಕೆ ಕಾಫಿ ಮಾಡಲು ಎದ್ದುಹೋದಳು.

ಮುರಳಿ ಶೆಡ್ಡಿನ ಸಾಹೇಬರಿಗೆ ಫೋನು ಮಾಡಿ ನಡೆದದ್ದನ್ನು ನಡೆದಂತೆ ಹೇಳಿದ. ಅವರು, ಬರೆದು ಕಳಿಸು ಎಂದರು. ವಿಮಾನದವರಿಗೆ ಎಲ್ಲವೂ ಬರವಣಿಗೆಯಲ್ಲೇ ಬೇಕು: ಏನಾಯಿತು, ಏಕಾಯಿತು, ಮುಂದೆ ಆಗದಂತೆ ಏನು ಕ್ರಮ. ಮುರಳಿ ಫೋನಿನಲ್ಲೇ ಒತ್ತಿ, ಕಳಿಸುವ ಮೊದಲು ನನಗೆ ಓದಿ ಹೇಳಿದ: "ಸಾಧನಕ್ಕೆ ಹಾನಿ. ಕಾರಣ, ಅತ್ತೆಯವರ ಭಕ್ತಿ. ಮುಂದಿನ ಕ್ರಮ, ಪೆಟ್ಟಿಗೆಗೆ ಬೀಗ."

"ಭಕ್ತಿ ಅಂತ ಬರೀಬೇಡಪ್ಪ, ತಪ್ಪು ದೇವರ ಮೇಲೆ ಹೋಗುತ್ತೆ. ಬುದ್ಧಿ ಕಮ್ಮಿ ಅಂತ ಬರಿ" ಎಂದೆ.

ಹಾಗೇ ಬರೆದ. ಬಾಯಿಮಾತಿಗಾದರೂ "ಛೇ, ಬೇಡ ಅತ್ತೆ" ಎನ್ನಬಾರದೇ!

ಮೂವರೂ ಆ ಫೋನನ್ನು ಮನೆಗೆ ನುಗ್ಗಿದ ಹಾವಿನಂತೆ ನೋಡುತ್ತ ಕೂತೆವು. ಕೊನೆಗೂ ಹೊಡೆದುಕೊಂಡಿತು. ಸಾಹೇಬರ ಗಂಟಲು ದೊಡ್ಡದು, ನನಗೂ ಕೇಳಿಸಿತು.

"ಅತ್ತೆ ತಪ್ಪನ್ನೇ ಬರೆದುಕೊಟ್ಟೋನು ವಿಮಾನದ ತಪ್ಪು ಮುಚ್ಚಿಡಲ್ಲ ಕಣಯ್ಯ. ನಾಳೆ ಬಾ. ನಿಂದು ಸರಿಯಾಗಿ ಬರೋವರ್ಗೂ ನಮ್ಮ ಶೆಡ್ಡಿಂದು ಬಳಸು. ಮಿಕ್ಕಿದ ಟೂಲ್‌ಗಳ ಕುಂಕುಮ ಎಲ್ಲ ಒರೆಸ್ಕೊಂಡು ಬಾ."

ಲೈಸೆನ್ಸ್ ಉಳಿಯಿತು. ನನ್ನ ಮಾನ ಬರವಣಿಗೆಯಲ್ಲಿ ಹೋಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಅವನಿಗೆ ಚಿತ್ರಾನ್ನ ಕಲಸಿದೆ. ಸ್ಟೇಷನ್ನಿಗೆ ಹೊರಡುವಾಗ, "ಪೆಟ್ಟಿಗೆ ನಾನು ಹಿಡ್ಕೊಳ್ಳಾ?" ಎಂದೆ. ಗಂಡ ಹೆಂಡತಿ ಒಂದೇ ಬಾಯಲ್ಲಿ "ಬೇಡ!" ಎಂದರು. ಪದ್ಮ ಊಟದ ಡಬ್ಬಿಯನ್ನು ನನ್ನ ಕೈಗೆ ತುರುಕಿ ಮನೆಯಲ್ಲೇ ಉಳಿದಳು. ರೈಲು ಬಂತು. ನೂಕುನುಗ್ಗಲಿನಲ್ಲಿ ಅಳಿಯ ಪೆಟ್ಟಿಗೆ ತಬ್ಬಿಕೊಂಡು ಹತ್ತಿದ. ಗಾಡಿ ಕಣ್ಮರೆಯಾಗುವವರೆಗೂ ಕೈ ಬೀಸಿದೆ. ಆಮೇಲೆ ನೋಡುತ್ತೇನೆ, ಡಬ್ಬಿ ಬೀಸಿದ ಕೈಯಲ್ಲೇ ಇದೆ!

ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತು ನಾನೇ ತಿಂದೆ. ಉಪ್ಪೇ ಹಾಕಿರಲಿಲ್ಲ.